ಯಾವ ಲೆಕ್ಕದಲ್ಲಿ ಬರಬೇಕು?

ನಿನ್ನ ಮದುವೆಗೆ ಸಾಕ್ಷಿ ಯಾರೆಂದು ನಮ್ಮ ಕಡೆಯ ಹೆಣ್ಣುಮಗಳನ್ನು ಕೇಳಿದರೆ ಆಕೆ ನಕ್ಕುಬಿಡುತ್ತಾಳೆ. ಊರೇ ಸಾಕ್ಷಿ! ಅಕ್ಷತೆ ಹಾಕಿದವರು, ಮುಯ್ಯಿ ಓದಿಸಿದವರು, ಉಂಡು ಎಲೆ ಅಡಿಕೆ ಹಾಕಿಕೊಂಡು ಹೋದವರು, ಎಲ್ಲರೂ ಸಾಕ್ಷಿಗಳೇ. ನಮ್ಮ ಕೆರೆಬಿಳಚಿಯಲ್ಲಿ ಒಂದು ಓಣಿಯಲ್ಲಿ ಧಾರೆಯಾದರೆ ಇನ್ನೊಂದು ಓಣಿಯಲ್ಲಿ ನಿಕಾಹ್ ಆಗುತ್ತದೆ. ಶಾಸ್ತ್ರ ಬೇರೆ ಬೇರೆ. ಆದರೆ ಇವರಿಬ್ಬರು ಗಂಡ ಹೆಂಡತಿ ಹೌದೋ ಅಲ್ಲವೋ ಎಂದು ಯಾರೂ ಯಾರಲ್ಲಿಯೂ ಕಾಗದ ಕೇಳುವುದಿಲ್ಲ. ಮದುವೆಗಳನ್ನು ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದ್ದರೂ ನಮ್ಮವರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿಸುವುದು ಹೆಚ್ಚಾಗಿ ಒಂದೇ ಒಂದು ವಸ್ತು, ಅದು ವೀಸಾ. ಅಳಿಯ ಅಮೆರಿಕಕ್ಕೆ ಹೊರಟಾಗ ಮಗಳು ಬರೀ ಮಗಳಾಗಿ, ಬರೀ ಸೊಸೆಯಾಗಿ ಹೋಗಲಾರಳು. ಆಕೆ ಅವನ ಹೆಂಡತಿಯೆಂದು ಸರ್ಕಾರದ ಮೊಹರು ಬಿದ್ದ ಕಾಗದವೊಂದು ಹೇಳಬೇಕು.

ಮೊಹರು ಬೀಳುವವರಿಗೆ ಇದು ಒಂದು ದಿನದ ಓಡಾಟ. ಬೀಳದವರಿಗೆ? ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಬಾಳು ಹಂಚಿಕೊಂಡಿದ್ದಾರೆ, ಒಬ್ಬರದು ಒಂದು ದೇಶ, ಇನ್ನೊಬ್ಬರದು ಇನ್ನೊಂದು ದೇಶ ಎಂದಿಟ್ಟುಕೊಳ್ಳಿ. ಅವರ ಪಾಲಿಗೆ ಈ ಕಾಗದವೇ ಇಡೀ ಬದುಕಿನ ಪ್ರಶ್ನೆಯಾಗಿಬಿಡುತ್ತದೆ. ಈ ಮಾತೆತ್ತಿದರೆ ನಮ್ಮಲ್ಲಿ ಹಲವರು, ‘ನಮಗೇಕೆ ಆ ಉಸಾಬರಿ’ ಎಂದು ಮುಖ ತಿರುಗಿಸುತ್ತಾರೆ. ನಾನು ಚರಿತ್ರೆ ಪಾಠ ಮಾಡುವವಳು. ನಮಗೂ ಅದಕ್ಕೂ ಇರುವ ನಂಟನ್ನು ಚರಿತ್ರೆಯಲ್ಲೇ ತೋರಿಸುತ್ತೇನೆ. ಅದಕ್ಕಾಗಿ ನಮಗೆಲ್ಲ ಪರಿಚಿತರಾದ ಕಸ್ತೂರಬಾ ಅವರಿಂದಲೇ ಮೊದಲುಮಾಡಬೇಕು.

1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯದ ಉಚ್ಚ ನ್ಯಾಯಾಲಯದಲ್ಲಿ ಸರ್ಲ್ ಎಂಬ ನ್ಯಾಯಾಧೀಶರು ಒಂದು ತೀರ್ಪು ಕೊಟ್ಟರು. ಅಲ್ಲಿ ನೆಲೆಸಿದ್ದ ಹಸನ್ ಈಸೊಪ್ ಎಂಬ ಭಾರತೀಯ ಊರಿಗೆ ಬಂದು ಬಾಯಿ ಮರಿಯಂ ಎಂಬಾಕೆಯನ್ನು ನಿಕಾಹ್ ಆಗಿದ್ದ. ಆಕೆಯನ್ನು ಕರೆದುಕೊಂಡು ಹೋದರೆ ಅಧಿಕಾರಿಗಳು ಹಡಗಿನಿಂದ ಇಳಿಯಗೊಡಲಿಲ್ಲ. ನ್ಯಾಯಾಲಯವೂ ಅಧಿಕಾರಿಗಳ ಮಾತನ್ನೇ ಎತ್ತಿಹಿಡಿಯಿತು. ಬಹುಪತ್ನಿತ್ವಕ್ಕೆ ಎಡೆಯಿರುವ ಧರ್ಮದ ವಿಧಿಯಂತೆ ನಡೆದ ಮದುವೆ ಆ ದೇಶದ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ, ಆದ್ದರಿಂದ ಆಕೆ ಹೆಂಡತಿಯಲ್ಲ ಎಂದಾಯಿತು. ಗಂಡನಿಗೆ ಒಬ್ಬಳೇ ಹೆಂಡತಿಯಿದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ.

ಈ ತೀರ್ಪಿನ ಬಿಸಿ ಒಬ್ಬ ಮರಿಯಂಗೆ ಮಾತ್ರ ತಟ್ಟಲಿಲ್ಲ. ಹಿಂದೂ, ಮುಸ್ಲಿಂ, ಪಾರ್ಸಿ ಎನ್ನದೆ ಅಲ್ಲಿದ್ದ ಭಾರತೀಯ ಹೆಂಗಸರ ಮಾಂಗಲ್ಯಗಳೆಲ್ಲ ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡಂತಾಯಿತು. ಹೆಂಡತಿ ಹೆಂಡತಿಯಲ್ಲವಾದರೆ ಮಕ್ಕಳು ಯಾರು? ಆಸ್ತಿ ಯಾರದು? ಕಸ್ತೂರಬಾ ಆಗ ಮೂವತ್ತು ವರ್ಷ ಸಂಸಾರ ಮಾಡಿದ್ದವರು, ನಾಲ್ಕು ಗಂಡುಮಕ್ಕಳ ತಾಯಿ. ಹಾಗಾದರೆ ತಾನೂ ಹೆಂಡತಿಯಲ್ಲವೇ ಎಂದು ಗಂಡನನ್ನೇ ಕೇಳಿದರೆಂದು ಹೇಳುತ್ತಾರೆ. ಆ ವರ್ಷ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದಿಂದ ಹೊರಟ ಹದಿನಾರು ಮಂದಿಯ ಸತ್ಯಾಗ್ರಹಿ ತಂಡದಲ್ಲಿ ನಾಲ್ವರು ಹೆಂಗಸರಿದ್ದರು. ಅವರಲ್ಲಿ ಬಾ ಒಬ್ಬರು. ಅನುಮತಿಯಿಲ್ಲದೆ ಪ್ರಾಂತ್ಯದ ಗಡಿ ದಾಟಿ ಮೂರು ತಿಂಗಳ ಕಠಿಣ ಸಜೆ ಅನುಭವಿಸಿದರು. ವಳ್ಳಿಯಮ್ಮ ಎಂಬ ಹದಿನಾರರ ತಮಿಳು ಹುಡುಗಿ ಜೈಲಿನಲ್ಲಿ ಹಿಡಿದ ಜ್ವರದಿಂದ ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಅದೇ ವರ್ಷ ಬಂದ ಪರಿಹಾರ ಕಾಯ್ದೆಯಲ್ಲಿ ಒಬ್ಬ ಹೆಂಡತಿಯ ಮಟ್ಟಿಗೆ ಭಾರತೀಯ ಮದುವೆಗೆ ಮನ್ನಣೆ ಸಿಕ್ಕಿತು.

ಗಡಿಯಲ್ಲಿ ಕುಳಿತ ಅಧಿಕಾರಿಗೆ ಯಾರು ಹೆಂಡತಿ ಎಂದು ತೀರ್ಮಾನಿಸುವ ಅಧಿಕಾರ ಎಷ್ಟು ದೊಡ್ಡದು ನೋಡಿ! ಅಮೆರಿಕದಲ್ಲಿ 1907ರ ಕಾನೂನಿನಂತೆ ಪರದೇಶದವನನ್ನು ಮದುವೆಯಾದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಅದು ಸಡಿಲವಾಯಿತು. ಆದರೆ ಪೌರತ್ವಕ್ಕೆ ಅರ್ಹರಲ್ಲವೆಂದು ಹೊರಗಿಟ್ಟ ಏಷ್ಯಾದವರ ಕೈಹಿಡಿದವಳಿಗೆ 1931ರವರೆಗೂ ಅದೇ ಗತಿ. ಭಾರತೀಯರೂ ಅರ್ಹರಲ್ಲವೆಂದು ಅಲ್ಲಿಯ ಸುಪ್ರೀಂ ಕೋರ್ಟು 1923ರಲ್ಲಿ ಹೇಳಿತ್ತು. ಅಧಿಕಾರಿಗೆ ಪರಿಚಯವಿಲ್ಲದ, ಮನಸ್ಸಿಗೆ ಒಗ್ಗದ ಮದುವೆಗಳು ಮೊದಲು ಬಾಗಿಲಲ್ಲಿ ನಿಲ್ಲುತ್ತವೆ. ಆ ಸಾಲಿನಲ್ಲಿ ನಮ್ಮವರೇ ನಿಂತಿದ್ದರು.

ನಾವು ಆ ಸಾಲಿನಿಂದ ಮುಂದೆ ಹೋದಮೇಲೆ ಅಲ್ಲಿಗೆ ಬಂದು ನಿಂತವರ ಕಥೆ ಇನ್ನು. ರಿಚರ್ಡ್ ಆಡಮ್ಸ್ ಫಿಲಿಪೀನ್ಸ್ ಮೂಲದ ಅಮೆರಿಕದ ಪ್ರಜೆ. ಆಂಥೊನಿ ಸಲಿವನ್ ಆಸ್ಟ್ರೇಲಿಯದವನು. 1971ರಲ್ಲಿ ಲಾಸ್ ಏಂಜಲೀಸಿನಲ್ಲಿ ಅವರ ಪರಿಚಯವಾಯಿತು. 1975ರಲ್ಲಿ ಕೊಲರಾಡೊ ರಾಜ್ಯದ ಬೌಲ್ಡರಿನಲ್ಲಿ ಕ್ಲೀಲಾ ರೋರೆಕ್ಸ್ ಎಂಬ ಮಹಿಳಾ ಅಧಿಕಾರಿ, ತನ್ನ ಮುಂದಿರುವ ಕಾನೂನು ಇದನ್ನು ನಿಷೇಧಿಸಿಲ್ಲವೆಂದು ಆರು ಸಲಿಂಗಿ ಜೋಡಿಗಳಿಗೆ ಮದುವೆಯ ಪರವಾನಗಿ ಕೊಟ್ಟರು. ಏಪ್ರಿಲ್ 21ರಂದು ಮದುವೆಯಾದ ಈ ಇಬ್ಬರೂ ಅವರಲ್ಲಿ ಸೇರಿದ್ದರು. ಆಡಮ್ಸ್ ತನ್ನ ಸಂಗಾತಿಗೆ ಗ್ರೀನ್ ಕಾರ್ಡ್ ಕೊಡಿರೆಂದು ಅರ್ಜಿ ಹಾಕಿದ. ಸಲಿಂಗಿಗಳು ದೇಶದೊಳಗೆ ಬರುವುದನ್ನೇ ಕಾನೂನು ತಡೆಯುತ್ತಿದ್ದ ಕಾಲ ಅದು. ಆ ತಡೆ ಹೋದದ್ದು 1990ರ ಕಾಯ್ದೆಯಿಂದ. ವಲಸೆ ಇಲಾಖೆ ಅರ್ಜಿಯನ್ನು ತಿರಸ್ಕರಿಸಿದ್ದಷ್ಟೇ ಅಲ್ಲ, ಆ ಉತ್ತರದಲ್ಲಿ ಒಂದು ಬೈಗುಳದ ಶಬ್ದವನ್ನೂ ಬಳಸಿತು. ಸರ್ಕಾರದ ಕಾಗದದಲ್ಲಿ, ಮೊಹರಿನ ಕೆಳಗೆ ಬೈಗುಳ! ಅದನ್ನು ಇಲ್ಲಿ ಬರೆಯಲು ನನಗೆ ಇಷ್ಟವಿಲ್ಲ.

ಅವರು ಕೋರ್ಟಿಗೆ ಹೋದರು, 1982ರಲ್ಲಿ ಸೋತರು. ಸಂಗಾತಿಯನ್ನು ಹೊರಹಾಕಿದರೆ ಇಬ್ಬರಿಗೂ ಆಗುವ ಸಂಕಟವನ್ನಾದರೂ ನೋಡಿರೆಂದು ಕೇಳಿದರು. 1985ರಲ್ಲಿ ಅದರಲ್ಲೂ ಸೋತರು. ಆ ತೀರ್ಪು ಬರೆದವರು ಆಂಥೊನಿ ಕೆನಡಿ ಎಂಬ ನ್ಯಾಯಾಧೀಶರು. ಇಬ್ಬರೂ ದೇಶ ಬಿಟ್ಟು ಯೂರೋಪಿನಲ್ಲಿ ಅಲೆದು, ಮರಳಿ ಬಂದು, ಯಾರ ಕಣ್ಣಿಗೂ ಬೀಳದಂತೆ ಸಂಸಾರ ಮಾಡಿದರು. 1996ರಲ್ಲಿ ಮದುವೆಯೆಂದರೆ ಗಂಡು ಹೆಣ್ಣಿನದು ಮಾತ್ರ ಎಂಬ ಕೇಂದ್ರ ಕಾಯ್ದೆಯೂ ಅಲ್ಲಿ ಬಂತು. 2012ರ ಡಿಸೆಂಬರಿನಲ್ಲಿ ಆಡಮ್ಸ್ ತೀರಿಕೊಂಡ.

ಅವನು ಹೋಗಿ ಆರು ತಿಂಗಳಿಗೆ, 2013ರ ಜೂನ್ 26ರಂದು, ಆ ಕಾಯ್ದೆಯ ಮುಖ್ಯ ಭಾಗವನ್ನು ಅಮೆರಿಕದ ಸುಪ್ರೀಂ ಕೋರ್ಟು ರದ್ದುಮಾಡಿತು. ದಾವೆ ಹೂಡಿದ್ದು ಈಡಿತ್ ವಿಂಡ್ಸರ್ ಎಂಬ ಮುದುಕಿ. ಥಿಯಾ ಸ್ಪೈಯರ್ ಎಂಬಾಕೆಯೊಡನೆ ನಲವತ್ತು ವರ್ಷ ಬಾಳಿ, 2007ರಲ್ಲಿ ಕೆನಡಕ್ಕೆ ಹೋಗಿ ಮದುವೆಯಾಗಿದ್ದರು. 2009ರಲ್ಲಿ ಥಿಯಾ ಸತ್ತಾಗ, ನೀನು ಆಕೆಗೆ ಏನೂ ಆಗಬೇಕಿಲ್ಲ ಎಂಬಂತೆ ಸರ್ಕಾರ 3,63,053 ಡಾಲರು ಆಸ್ತಿ ತೆರಿಗೆ ವಸೂಲು ಮಾಡಿತ್ತು. ಈ ಬಾರಿ ತೀರ್ಪು ಬರೆದವರೂ ಅದೇ ಕೆನಡಿಯವರೇ! ಆಗಸ್ಟಿನಲ್ಲಿ ಸಲಿಂಗಿ ದಂಪತಿಗಳ ವೀಸಾ ಅರ್ಜಿಗಳನ್ನು ಉಳಿದ ದಂಪತಿಗಳ ಅರ್ಜಿಗಳಂತೆಯೇ ನೋಡುವುದಾಗಿ ಅಮೆರಿಕ ಪ್ರಕಟಿಸಿತು. ಸಲಿವನ್‌ಗೆ ಗ್ರೀನ್ ಕಾರ್ಡ್ ಸಿಕ್ಕಿದ್ದು 2016ರಲ್ಲಿ, ವಿಧುರನೆಂಬ ಲೆಕ್ಕದಲ್ಲಿ. ನಲವತ್ತೊಂದು ವರ್ಷ ಕಾದು ಸಿಕ್ಕ ಕಾಗದ. ಅದನ್ನು ತೋರಿಸೋಣವೆಂದರೆ ಮನೆಯಲ್ಲಿ ಸಂಗಾತಿ ಇರಲಿಲ್ಲ.

2018ರ ಜೂನಿನಲ್ಲಿ ಯೂರೋಪಿನ ನ್ಯಾಯಾಲಯ, ಒಕ್ಕೂಟದ ಪ್ರಜೆಯೊಬ್ಬ ಅಲ್ಲಿಯ ಇನ್ನೊಂದು ದೇಶದಲ್ಲಿ ಕಾನೂನಿನಂತೆ ಮದುವೆಯಾಗಿ ಬಾಳಿದ್ದರೆ, ಅವನ ಸಲಿಂಗಿ ಸಂಗಾತಿಗೂ ವಾಸದ ಹಕ್ಕು ಕೊಡಬೇಕೆಂದಿತು. ಜುಲೈನಲ್ಲಿ ಹಾಂಗ್‌ಕಾಂಗ್ ಕೋರ್ಟು ಅಂಥದೇ ಜೋಡಿಯೊಂದಕ್ಕೆ ಅವಲಂಬಿತರ ವೀಸಾ ಕೊಡಿಸಿತು. ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು, ವಯಸ್ಕರಿಬ್ಬರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸಾರಿತು. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥೆಗಳು 2013ರಲ್ಲಿಯೇ ಬಂದಿದ್ದವು. ಹೇಳಬಾರದ ಮಾತನ್ನು ಕನ್ನಡದಲ್ಲಿ ಹೇಳಬಹುದೆಂದು ನಮಗೆ ಗೊತ್ತಾಗಿತ್ತು.

ಅಪರಾಧವಲ್ಲ ಎಂದಾಯಿತು ನಿಜ. ಆದರೆ ಅಪರಾಧವಲ್ಲದ್ದೆಲ್ಲ ಮದುವೆಯಾಗುವುದಿಲ್ಲವಲ್ಲ! ಈ ಅಂತರ ಎಷ್ಟೆಂಬುದನ್ನು ನನಗೆ ತಿಳಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಹೆಸರು ಹೇಳುವುದಿಲ್ಲ. ಅಡಿಕೆ ತೋಟದವರ ಮನೆಯ ಹುಡುಗಿ, ಓದಿನಲ್ಲಿ ಚುರುಕು, ಈಗ ಕೆನಡದಲ್ಲಿ ಕೆಲಸ. 2005ರಿಂದಲೇ ಇಂಥ ಮದುವೆಗೆ ಇಡೀ ದೇಶದಲ್ಲಿ ಮನ್ನಣೆಯಿರುವ ನಾಡದು. ಆ ದೇಶದವಳೇ ಆದ ಗೆಳತಿಯನ್ನು ಮದುವೆಯಾಗಿದ್ದಾಳೆ. ಮನೆಯಲ್ಲಿ ತಾಯಿಗೆ ಮಾತ್ರ ಗೊತ್ತು. ಒಂದು ಯುಗಾದಿಗೆ ಬಂದವಳು ನನ್ನ ಅಡುಗೆಮನೆಯಲ್ಲಿ ಕುಳಿತು ಹೇಳಿದಳು: “ಅಪ್ಪ ಹೋದಮೇಲೆ ಅವ್ವ ಒಬ್ಬಳೇ ಆಗಿಬಿಟ್ಟಿದ್ದಾಳೆ ಮೇಡಂ. ಮಂಡಿನೋವು, ತೋಟಕ್ಕೂ ಹೋಗೋಕಾಗಲ್ಲ. ನಾನು ಬಂದಿರಬಹುದು. ಅವಳು ಯಾವ ಲೆಕ್ಕದಲ್ಲಿ ಬರಬೇಕು?”

ಇದಕ್ಕೆ ನಾನೇನು ಹೇಳಲಿ? ಮಗ ಪರದೇಶದ ಹುಡುಗಿಯನ್ನು ಕಟ್ಟಿಕೊಂಡು ಬಂದರೆ, ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿದಮೇಲೆ ಆ ಸೊಸೆಗೆ ಓಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಆ ಕಾರ್ಡಿದ್ದರೆ ಜೀವಮಾನವಿಡೀ ಬಂದು ಹೋಗಬಹುದು, ಇಲ್ಲೇ ಇರಬಹುದು. ನನ್ನ ಹುಡುಗಿಯ ಸಂಗಾತಿಗೆ ಪ್ರವಾಸಿ ವೀಸಾವೇ ಗತಿ. ತಾಜಮಹಲು ನೋಡಲು ಬಂದವಳಂತೆ ಬಂದು, ದಿನ ಮುಗಿದ ಕೂಡಲೇ ಹೊರಡಬೇಕು. ತಾಯಿಯ ಬಳಿ ಇದ್ದರೆ ಹೆಂಡತಿಯಿಲ್ಲ, ಹೆಂಡತಿಯ ಬಳಿ ಇದ್ದರೆ ತಾಯಿಯಿಲ್ಲ. ಈ ನಷ್ಟದಲ್ಲಿ ಅರ್ಧ ಪಾಲು ಆ ತಾಯಿಯದು. ಇದನ್ನು ಪರದೇಶದವರ ಸಮಸ್ಯೆಯೆಂದು ಹೇಗೆ ಹೇಳೋಣ?

ಇದೇ ಪ್ರಶ್ನೆ ಕೋರ್ಟನ್ನೂ ಮುಟ್ಟಿದೆ. ಓಸಿಐ ಕಾರ್ಡ್ ಹೊಂದಿದ ಜಯದೀಪ್ ಸೇನ್‌ಗುಪ್ತ ಮತ್ತು ಅಮೆರಿಕದ ರಸೆಲ್ ಸ್ಟೀಫನ್ಸ್ 2012ರಲ್ಲಿ ನ್ಯೂಯಾರ್ಕಿನಲ್ಲಿ ಮದುವೆಯಾದವರು. ಪೌರತ್ವ ಕಾಯ್ದೆಯ 7ಎ ಕಲಮಿನಲ್ಲಿ ಗಂಡ, ಹೆಂಡತಿ ಎಂಬ ಶಬ್ದಗಳಿಲ್ಲ, ಇರುವುದು ‘ಸ್ಪೌಸ್’ ಎಂಬ ಶಬ್ದ. ನಮ್ಮ ‘ಬಾಳಸಂಗಾತಿ’ಯ ಹಾಗೆ ಅದಕ್ಕೂ ಗಂಡು ಹೆಣ್ಣೆಂಬ ಭೇದವಿಲ್ಲ. ಆದ್ದರಿಂದ ಸ್ಟೀಫನ್ಸ್‌ಗೂ ಕಾರ್ಡ್ ಸಿಗಬೇಕೆಂದು ಅವರು 2021ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ವಾದಿಸಿದರು. ಆ ಶಬ್ದಕ್ಕೆ ಗಂಡ ಅಥವಾ ಹೆಂಡತಿ ಎಂದೇ ಅರ್ಥವೆಂದು ಕೇಂದ್ರ ಸರ್ಕಾರ ಉತ್ತರಿಸಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಗಳನ್ನೆಲ್ಲ ತನ್ನ ಬಳಿಗೆ ತರಿಸಿಕೊಂಡಿತು. ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಸಲಿಂಗ ವಿವಾಹಕ್ಕೆ ಮನ್ನಣೆ ಕೊಡುವುದು ಶಾಸನಸಭೆಗೆ ಸೇರಿದ ಕೆಲಸವೆಂದು ಹೇಳಿತು. ಬಹುಮತದ ಮುಖ್ಯ ತೀರ್ಪು ಬರೆದ ಎಸ್. ರವೀಂದ್ರ ಭಟ್ ನಮ್ಮ ಮೈಸೂರಿನಲ್ಲಿ ಹುಟ್ಟಿದವರು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು.

ಆ ತೀರ್ಪಿನ ಪ್ರಕಾರ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಆಯಿತು. 2024ರಲ್ಲಿ ಕೇಂದ್ರ ಸರ್ಕಾರ ಕೆಲವು ಸೂಚನೆಗಳನ್ನು ಹೊರಡಿಸಿತು. ರೇಷನ್ ಕಾರ್ಡಿನ ಮಟ್ಟಿಗೆ ಇಂಥ ಜೋಡಿಯನ್ನು ಒಂದೇ ಮನೆಯವರೆಂದು ಎಣಿಸಬೇಕು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಒಬ್ಬರು ಸತ್ತು ಹತ್ತಿರದ ಬಂಧುಗಳು ಸಿಗದಿದ್ದರೆ ಇನ್ನೊಬ್ಬರು ಶವವನ್ನು ಪಡೆಯಬಹುದು ಎಂಬಿವು ಅದರಲ್ಲಿದ್ದವು. ಸಣ್ಣ ಮಾತುಗಳೇ. ಆದರೂ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತು ಗೊತ್ತಿರುವ ನಮಗೆ, ಒಂದೇ ಕಾರ್ಡಿನಲ್ಲಿ ಎರಡು ಹೆಸರು ಬರುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ವೀಸಾದ ಮಾತು ಅವುಗಳಲ್ಲಿ ಇರಲಿಲ್ಲ. ಒಂದೇ ಒಲೆಯ ಅಕ್ಕಿ ತಿನ್ನಬಹುದೆಂದು ಒಪ್ಪಿದಮೇಲೂ, ಗಡಿಯಾಚೆ ಹುಟ್ಟಿದವಳು ಆ ಒಲೆಯ ಮುಂದೆ ಬಂದು ಕೂರುವುದಕ್ಕೆ ದಾರಿಯಾಗಲಿಲ್ಲ.

ಸಲಿಂಗ ವಿವಾಹವನ್ನು ಒಪ್ಪಬೇಕೋ ಬೇಡವೋ ಎಂಬುದರಲ್ಲಿ ನಿಮ್ಮ ಅಭಿಪ್ರಾಯ ನಿಮಗಿರಲಿ. ಒಂದು ಮಾತನ್ನಷ್ಟೇ ನೆನಪಿಸಲು ಇಷ್ಟಪಡುತ್ತೇನೆ. 1913ರಲ್ಲಿ ಸರ್ಲ್ ಅವರ ತೀರ್ಪಿಗೆ ತಲೆದೂಗಿದವರು ಕೆಟ್ಟವರೇ ಆಗಿದ್ದರೆಂದು ನನಗನ್ನಿಸುವುದಿಲ್ಲ. ನಮ್ಮ ಮದುವೆ ಅವರು ಕಂಡ ಮದುವೆಯಂತೆ ಇರಲಿಲ್ಲ, ಅಷ್ಟೇ. ಹತ್ತನೆಯ ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗ ಹೆಣ್ಣುಮಕ್ಕಳು ತಪ್ಪದೆ ಸಿಟ್ಟಾಗುತ್ತಾರೆ. “ಅದು ಹ್ಯಾಂಗೆ ಹೆಂಡತಿ ಅಲ್ಲ ಅಂತಾರೆ ಮೇಡಂ? ಅವರಿಬ್ಬರೂ ಒಪ್ಪಿಲ್ವಾ?” ಎಂದು ಕೇಳುತ್ತಾರೆ. ನಿಕಾಹ್ ಎಂದರೇನೆಂದು ಬಲ್ಲ ಹುಡುಗಿಯೂ ಕೇಳುತ್ತಾಳೆ, ಧಾರೆಯೆಂದರೇನೆಂದು ಬಲ್ಲ ಹುಡುಗಿಯೂ ಕೇಳುತ್ತಾಳೆ. ನಾನು ಆ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದು, ಗಂಟೆ ಹೊಡೆದರೂ ಅಳಿಸದೆ ಬರುತ್ತೇನೆ.