ಕಥೋಲಿಕ: ಒಂದು ವಿಶೇಷಣದ ಚರಿತ್ರೆ

ನೈಸೀಯ ವಿಶ್ವಾಸ ಸಂಗ್ರಹವು ಧರ್ಮಸಭೆಗೆ ನಾಲ್ಕು ಲಕ್ಷಣಗಳನ್ನು ಹೇಳುತ್ತದೆ: ಏಕತೆ, ಪವಿತ್ರತೆ, ಕಥೋಲಿಕತೆ, ಪ್ರೇಷಿತತ್ವ. ಇವುಗಳಲ್ಲಿ ಮೂರರ ಅರ್ಥವನ್ನು ಕೇಳಿದರೆ ನಮ್ಮ ಮಕ್ಕಳೂ ತಕ್ಕಮಟ್ಟಿಗೆ ಉತ್ತರ ಕೊಡಬಲ್ಲರು. ಉಳಿದ ಒಂದರ ಅರ್ಥ ಕೇಳಿದರೆ ಹಿರಿಯರೂ ಕ್ಷಣಕಾಲ ತಡವರಿಸುತ್ತಾರೆ. ಶಾಲೆಯ ಅರ್ಜಿಯಲ್ಲಿ ‘ಆರ್.ಸಿ.’ ಎಂದು ಬರೆದು ಮುಂದೆ ಸಾಗುವ ನಮಗೆ ಅದು ಒಂದು ಸಮುದಾಯದ ಹೆಸರಾಗಿ ಮಾತ್ರ ಉಳಿದಿದೆ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ನಾವು ಹೊತ್ತಿರುವ ಈ ವಿಶೇಷಣದ ಪೂರ್ವೋತ್ತರವನ್ನು ತಿಳಿಯುವುದು ಅನುಚಿತವಾಗಲಾರದು.

ಇಂಗ್ಲಿಷ್ ನಿಘಂಟನ್ನು ತೆರೆದರೆ ‘ಕ್ಯಾಥೊಲಿಕ್’ ಎಂಬ ಪದಕ್ಕೆ ಎರಡು ಅರ್ಥಗಳು ಕಾಣುತ್ತವೆ. ದೊಡ್ಡ ಅಕ್ಷರದಿಂದ ಆರಂಭಿಸಿ ಬರೆದರೆ ಅದು ನಮ್ಮ ಧರ್ಮಸಭೆಯನ್ನು ಸೂಚಿಸುತ್ತದೆ. ಚಿಕ್ಕ ಅಕ್ಷರದಿಂದ ಬರೆದರೆ ವಿಶಾಲವಾದ, ಎಲ್ಲವನ್ನೂ ಒಳಗೊಳ್ಳುವ ಎಂಬ ಅರ್ಥ ಕೊಡುತ್ತದೆ. ಆಂಗ್ಲ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ 1822ರಲ್ಲಿ ತನ್ನ ವಾಚನಾಭಿರುಚಿಯನ್ನು ಈ ಪದದಿಂದ ಬಣ್ಣಿಸಿದಾಗ ಅವನ ಮನಸ್ಸಿನಲ್ಲಿದ್ದುದು ಪಂಥದ ವಿಚಾರವಲ್ಲ, ಬಗೆಬಗೆಯ ಪುಸ್ತಕಗಳ ಮೇಲಿನ ಪ್ರೀತಿ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ. ‘ಕಥೋಲಿಕ’ ಎಂಬ ಪದವೂ ನಮ್ಮಲ್ಲಿ ಒಂದೇ ಅರ್ಥದೊಡನೆ ನೆಲೆಸಿದೆ. ವಿಶಾಲತೆಯ ಅರ್ಥ ಅದರೊಡನೆ ಬರಲಿಲ್ಲ. ಆದರೆ ಹುಟ್ಟಿನಲ್ಲಿ ಹಿರಿಯದು ಆ ಅರ್ಥವೇ.

ಈ ಪದದ ಮೂಲ ಗ್ರೀಕ್ ಭಾಷೆ. ‘ಕತಾ’ ಎಂದರೆ ಅನುಸಾರವಾಗಿ, ‘ಹೋಲೋಸ್’ ಎಂದರೆ ಇಡೀ. ಇವೆರಡೂ ಕೂಡಿ ‘ಕಥೋಲಿಕೋಸ್’ ಆಯಿತು: ಸಮಗ್ರಕ್ಕೆ ಅನುಗುಣವಾದುದು, ಪೂರ್ಣವಾದುದು. ಹೊಸ ಒಡಂಬಡಿಕೆಯಲ್ಲಿ ಈ ವಿಶೇಷಣ ಧರ್ಮಸಭೆಗೆ ಅನ್ವಯವಾಗಿಲ್ಲ. ಆದರೆ ಅದರ ಬಂಧುಪದವೊಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ನಾಲ್ಕನೆಯ ಅಧ್ಯಾಯದಲ್ಲಿ ಯೆಹೂದ್ಯರ ಹಿರಿಯರು ಪೇತ್ರ ಮತ್ತು ಯೊವಾನ್ನರನ್ನು ಕರೆಸಿ, ಯೇಸುವಿನ ಹೆಸರಿನಲ್ಲಿ ‘ಎಷ್ಟುಮಾತ್ರಕ್ಕೂ’ ಮಾತನಾಡಕೂಡದೆಂದು ಆಜ್ಞಾಪಿಸುತ್ತಾರೆ. ಅಲ್ಲಿ ‘ಎಷ್ಟುಮಾತ್ರಕ್ಕೂ’ ಎಂಬುದಕ್ಕೆ ಇರುವ ಗ್ರೀಕ್ ಮಾತೇ ‘ಕಥೋಲೂ’. ಬಾಯಿ ಮುಚ್ಚಿಸಲು ಬಳಸಿದ ಮಾತಿನ ಬೇರಿನಿಂದಲೇ ಲೋಕವ್ಯಾಪಿಯಾದ ಧರ್ಮಸಭೆಯ ವಿಶೇಷಣವೂ ಮೂಡಿತು!

ಧರ್ಮಸಭೆಗೆ ಈ ವಿಶೇಷಣವನ್ನು ಜೋಡಿಸಿದ ಲಭ್ಯ ಬರಹಗಳಲ್ಲಿ ಮೊದಲನೆಯದು ಅಂತಿಯೋಕ್ಯದ ಧರ್ಮಾಧ್ಯಕ್ಷ ಸಂತ ಇಗ್ನೇಷಿಯಸರ ಪತ್ರ. ಸಂಪ್ರದಾಯದಂತೆ ಕ್ರಿ.ಶ. 107ರ ಸುಮಾರಿಗೆ, ರಕ್ತಸಾಕ್ಷಿಯಾಗಲು ಬಂಧಿತರಾಗಿ ರೋಮಿಗೆ ಸಾಗುತ್ತಿದ್ದಾಗ, ಅವರು ಸ್ಮುರ್ನದ ವಿಶ್ವಾಸಿಗಳಿಗೆ ಅದನ್ನು ಬರೆದರು. ಕ್ರಿಸ್ತರು ಇರುವಲ್ಲಿ ಕಥೋಲಿಕ ಧರ್ಮಸಭೆ ಇದೆ ಎಂಬುದು ಅವರ ಮಾತಿನ ತಾತ್ಪರ್ಯ. ಆಗ ಕ್ರೈಸ್ತರು ಸಾಮ್ರಾಜ್ಯದ ಸಣ್ಣ ಅಲ್ಪಸಂಖ್ಯಾತರು. ಆದ್ದರಿಂದ ಆ ವಿಶೇಷಣ ಸಂಖ್ಯೆಯ ಹೆಮ್ಮೆಯಿಂದ ಹುಟ್ಟಿದ್ದಲ್ಲ.

ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನ ಸಂತ ಸಿರಿಲರು ದೀಕ್ಷಾರ್ಥಿಗಳಿಗೆ ಇದನ್ನು ವಿವರವಾಗಿ ಬೋಧಿಸಿದರು. ಧರ್ಮಸಭೆ ಭೂಮಿಯ ಉದ್ದಗಲಕ್ಕೂ ಹಬ್ಬಿದೆ. ಬೋಧನೆಯಲ್ಲಿ ಯಾವುದನ್ನೂ ಬಿಡದೆ ಕಲಿಸುತ್ತದೆ. ಆಳುವವರನ್ನೂ ಆಳಲ್ಪಡುವವರನ್ನೂ, ಪಂಡಿತರನ್ನೂ ಪಾಮರರನ್ನೂ ಒಟ್ಟಿಗೆ ಕರೆಯುತ್ತದೆ. ಎಲ್ಲ ಬಗೆಯ ಪಾಪಗಳನ್ನು ಗುಣಪಡಿಸುತ್ತದೆ. ಸಕಲ ಸದ್ಗುಣಗಳನ್ನು ಹೊಂದಿದೆ. ಅವರ ದೃಷ್ಟಿಯಲ್ಲಿ ಈ ಐದೂ ಸೇರಿದ್ದು ಕಥೋಲಿಕತೆ. ಹೊಸ ಊರಿಗೆ ಹೋದಾಗ ದೇವಾಲಯ ಎಲ್ಲಿ ಎಂದಷ್ಟೇ ಕೇಳದೆ, ಕಥೋಲಿಕ ದೇವಾಲಯ ಎಲ್ಲಿ ಎಂದು ಕೇಳಿರಿ ಎಂದೂ ಅವರು ಎಚ್ಚರಿಸಿದರು. ಒಂದೇ ಉಪನ್ಯಾಸದಲ್ಲಿ ಪದದ ಎರಡು ಮುಖಗಳು ಕಾಣುವುದನ್ನು ವಾಚಕರು ಗಮನಿಸಬೇಕು: ಒಂದು ಎಲ್ಲರನ್ನೂ ಕರೆಯುವುದು, ಇನ್ನೊಂದು ಬೇರೆಯವರಿಂದ ಗುರುತಿಸಿ ತೋರಿಸುವುದು.

ಮುಂದೆ ರಾಜಶಾಸನವೂ ಈ ಪದವನ್ನು ಕೈಗೆತ್ತಿಕೊಂಡಿತು. 380ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್, ತಾನು ಸೂಚಿಸಿದ ವಿಶ್ವಾಸವನ್ನು ಅನುಸರಿಸುವವರು ಮಾತ್ರ ‘ಕಥೋಲಿಕ ಕ್ರೈಸ್ತರು’ ಎನಿಸಿಕೊಳ್ಳಬೇಕೆಂದೂ, ಇತರರು ದಂಡನೆಗೆ ಅರ್ಹರೆಂದೂ ಆಜ್ಞೆ ಹೊರಡಿಸಿದನು. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, 1496ರಲ್ಲಿ, ಆರನೆಯ ಅಲೆಕ್ಸಾಂಡರ್ ಪೋಪರು ಸ್ಪೇನಿನ ಫರ್ಡಿನೆಂಡ್ ಮತ್ತು ಇಸಬೆಲ್ಲಾ ದಂಪತಿಗಳಿಗೆ ‘ಕಥೋಲಿಕ’ ಎಂಬ ಬಿರುದನ್ನು ನೀಡಿದರು. ಅದಕ್ಕೆ ನಾಲ್ಕು ವರ್ಷ ಮುಂಚೆ, 1492ರಲ್ಲಿ, ಅದೇ ದೊರೆಗಳು ಯೆಹೂದ್ಯರನ್ನು ತಮ್ಮ ರಾಜ್ಯದಿಂದ ಹೊರಗಟ್ಟಿದ್ದರು. ‘ಇಡೀ’ ಎಂಬರ್ಥದ ವಿಶೇಷಣ ಹೊರಗಟ್ಟಿದವರ ಕಿರೀಟವನ್ನು ಅಲಂಕರಿಸಿತು. ಚರಿತ್ರೆಯನ್ನು ಬರೆಯುವವರು ಇದನ್ನು ಮರೆಮಾಚಬಾರದು.

ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳ ಮೂಲಕ ಈ ಪದ ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಎರಡು ಶತಮಾನಗಳ ತರುವಾಯ ಧರ್ಮಸುಧಾರಣೆಯ ಕಲಹದಲ್ಲಿ ಅದಕ್ಕೆ ಇಬ್ಬರು ಹಕ್ಕುದಾರರಾದರು. ಪ್ರಾಟೆಸ್ಟೆಂಟರು ಅದನ್ನು ಒಮ್ಮೆಗೇ ಬಿಟ್ಟುಕೊಟ್ಟರೆಂದು ಭಾವಿಸುವುದು ತಪ್ಪು. ಲೂಥರನ 1529ರ ಕಿರು ಧರ್ಮೋಪದೇಶದ ವಿಶ್ವಾಸ ಸಂಗ್ರಹದಲ್ಲಿ ಅದರ ಸ್ಥಾನದಲ್ಲಿ ‘ಕ್ರೈಸ್ತ’ ಎಂಬ ಪದವಿದ್ದುದು ನಿಜ. ಆದರೆ ಇಂಗ್ಲೆಂಡಿನ ಸಭೆಯ ಪ್ರಾರ್ಥನಾ ಪುಸ್ತಕ ಕಥೋಲಿಕ ಎಂಬ ಮಾತನ್ನೇ ಉಳಿಸಿಕೊಂಡಿತು. ತಮ್ಮನ್ನೂ ಕಥೋಲಿಕರೆಂದು ಭಾವಿಸಿದವರು, ಪೋಪರನ್ನು ಅನುಸರಿಸುವವರಿಗೆ ಆ ಹೆಸರನ್ನು ಮಾತ್ರವೇ ಸಲ್ಲಿಸಲು ಹೇಗೆ ಒಪ್ಪಿಯಾರು? ಆದ್ದರಿಂದ ‘ಪೇಪಿಸ್ಟ್’ ಎಂಬ ತಿರಸ್ಕಾರದ ಮಾತೂ, ಅದಕ್ಕಿಂತ ಸೌಮ್ಯವಾದ ‘ರೋಮನ್ ಕಥೋಲಿಕ’ ಎಂಬ ಜೋಡಿಪದವೂ ಬಳಕೆಗೆ ಬಂದವು. 1778ರ ಬ್ರಿಟಿಷ್ ಕಾನೂನು ನಮ್ಮವರನ್ನು ‘ಪೋಪಿಷ್’ ಮತದವರೆಂದು ಕರೆಯಿತು. ಪಾರ್ಲಿಮೆಂಟಿನ ಬಾಗಿಲು ತೆರೆದ 1829ರ ಕಾನೂನು ‘ರೋಮನ್ ಕಥೋಲಿಕ ಪ್ರಜೆಗಳು’ ಎಂದಿತು. ಅರ್ಜಿಗಳಲ್ಲಿ ನಾವು ಬರೆಯುವ ‘ಆರ್.ಸಿ.’ ಎಂಬ ಎರಡಕ್ಷರಗಳ ಹಿಂದೆ ಇಷ್ಟೊಂದು ವ್ಯಾಜ್ಯವಿದೆ.

ಈ ವ್ಯಾಜ್ಯ ವ್ಯಾಟಿಕನ್ನಿಗೂ ತಲುಪಿತು. 1870ರಲ್ಲಿ ಪ್ರಥಮ ವ್ಯಾಟಿಕನ್ ಮಹಾಸಭೆಯ ಕರಡೊಂದು ‘ಪವಿತ್ರ ರೋಮನ್ ಕಥೋಲಿಕ ಧರ್ಮಸಭೆ’ ಎಂಬ ಮಾತುಗಳಿಂದ ಆರಂಭವಾಗಿತ್ತು. ಇಂಗ್ಲೆಂಡಿನ ಧರ್ಮಾಧ್ಯಕ್ಷರು ಆಕ್ಷೇಪಿಸಿದರು. ಹೀಗೆ ಬರೆದರೆ ಕಥೋಲಿಕ ಧರ್ಮಸಭೆಗೆ ಹಲವು ಕವಲುಗಳಿದ್ದು, ರೋಮನ್ ಎಂಬುದು ಅವುಗಳಲ್ಲಿ ಒಂದೆಂಬ ಭಾವನೆ ತಮ್ಮ ನಾಡಿನಲ್ಲಿ ಮೂಡುವುದೆಂಬುದು ಅವರ ಅಳುಕು. ಕೊನೆಗೆ ವಿಶೇಷಣಗಳ ಕ್ರಮವೇ ಬದಲಾಗಿ ‘ಪವಿತ್ರ, ಕಥೋಲಿಕ, ಪ್ರೇಷಿತ, ರೋಮನ್’ ಎಂದಾಯಿತು. ವ್ಯಾಕರಣದ ಒಂದು ಪುಟ್ಟ ಸ್ಥಾನಪಲ್ಲಟದ ಹಿಂದೆ ಎಂಥ ಗಂಭೀರ ಪ್ರಶ್ನೆ!

ಇಂದು ಆ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಪ್ರತ್ಯಕ್ಷ ನಿದರ್ಶನವುಂಟು. ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಸಿರೋ-ಮಲಬಾರ್ ಸಂಪ್ರದಾಯದ ಧರ್ಮಪ್ರಾಂತ್ಯಗಳಿವೆ. ಅಲ್ಲಿನ ವಿಶ್ವಾಸಿಗಳ ಆರಾಧನಾ ವಿಧಿ ರೋಮನ್ ವಿಧಿಯಲ್ಲ; ಆದರೂ ಅವರು ಪೋಪರೊಡನೆ ಪೂರ್ಣ ಅನ್ಯೋನ್ಯತೆಯಲ್ಲಿರುವ ಕಥೋಲಿಕರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ, ಪ್ರತಿಯೊಂದು ಭಾಗವೂ ತನ್ನ ವರಗಳನ್ನು ಇತರ ಭಾಗಗಳಿಗೂ ಇಡೀ ಧರ್ಮಸಭೆಗೂ ತಂದೀಯುವುದು ಕಥೋಲಿಕತೆಯ ಲಕ್ಷಣವೆಂದು ಬೋಧಿಸಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಈ ಪದವನ್ನು ಸಮಗ್ರತೆಗೆ ಅನುಗುಣವಾದುದು ಎಂಬ ಮೂಲಾರ್ಥದಿಂದಲೇ ವಿವರಿಸುತ್ತದೆ. ಸುತ್ತಿ ಬಳಸಿ ಪದ ತನ್ನ ತವರಿಗೆ ಮರಳಿದೆ.

ನಾಲ್ಕನೆಯ ಶತಮಾನದ ಬಾರ್ಸಿಲೋನದ ಧರ್ಮಾಧ್ಯಕ್ಷ ಸಂತ ಪಾಸಿಯಾನರು, ಕ್ರೈಸ್ತ ಎಂಬುದನ್ನು ತಮ್ಮ ಹೆಸರೆಂದೂ ಕಥೋಲಿಕ ಎಂಬುದನ್ನು ತಮ್ಮ ಮನೆತನದ ಹೆಸರೆಂದೂ ಪರಿಗಣಿಸಿದರು. ಮನೆತನದ ಹೆಸರು ಹುಟ್ಟಿನೊಡನೆ ಬರುತ್ತದೆ. ಅದಕ್ಕೆ ಯೋಗ್ಯರಾಗಿ ಬಾಳುವುದು ಮಾತ್ರ ಜೀವಮಾನದ ಕೆಲಸ. ನೂರು ವರ್ಷಗಳಿಂದ ನಮ್ಮ ದೇವಾಲಯ ಈ ಹೆಸರನ್ನು ಹೊತ್ತು ನಿಂತಿದೆ. ಬೇರೆ ಭಾಷೆಯಾಡುವವರು, ಹೊಸದಾಗಿ ಊರಿಗೆ ಬಂದವರು, ಬಡವರು, ಮನನೊಂದು ದೂರ ಸರಿದವರು ಇದರ ಬಾಗಿಲಲ್ಲಿ ನಿಂತಾಗ ನಾವು ಒಳಗೆ ಸರಿದು ಜಾಗ ಕೊಟ್ಟೆವೇ ಎಂಬುದನ್ನು ನಮ್ಮ ನಮ್ಮ ಅಂತಃಸಾಕ್ಷಿಯೇ ಹೇಳಬೇಕು. ಬರುವ ನೂರು ವರ್ಷಗಳಲ್ಲಿ ಈ ಧರ್ಮಕೇಂದ್ರವು ಹೆಸರಿನಲ್ಲಿರುವ ವಿಶಾಲತೆಯನ್ನು ಬಾಳಿನಲ್ಲಿಯೂ ತೋರುವಂತೆ ಪ್ರಭು ಅನುಗ್ರಹಿಸಲೆಂಬುದೇ ನಮ್ಮ ಪ್ರಾರ್ಥನೆ.