ಸೌಲಭ್ಯ ನಿರ್ವಹಣೆ: ವೃತ್ತಿ ಪ್ರಮಾಣೀಕರಣ ಮತ್ತು ಮೂಲ ಸಾಮರ್ಥ್ಯಗಳ ಇತಿಹಾಸ

ಕಚೇರಿ, ಕಾರ್ಖಾನೆ, ಆಸ್ಪತ್ರೆ, ವಸತಿ ಸಮುಚ್ಚಯಗಳ ನೀರು, ವಿದ್ಯುತ್, ಲಿಫ್ಟ್, ಸ್ವಚ್ಛತೆ, ಕಾವಲುಗಳನ್ನು ಒಂದೇ ಹೊಣೆಯಡಿ ನಡೆಸುವ ವೃತ್ತಿಯೇ ಸೌಲಭ್ಯ ನಿರ್ವಹಣೆ. ಬೆಂಗಳೂರು, ಬಿಡದಿ, ಹಾರೋಹಳ್ಳಿ ಕಡೆಯ ಕೆಲಸಗಾರರ ಬಾಯಲ್ಲಿ ಇದು ‘ಫೆಸಿಲಿಟಿ’ ಇಲ್ಲವೇ ‘ಮೇಂಟೆನೆನ್ಸ್’. ಇದರ ಇತಿಹಾಸ ಬರೆಯುವವರು ಮೂರು ಬಗೆಯ ಕಾಗದಗಳನ್ನು ಒಂದೇ ಎಂದು ಕಲಸಿಬಿಡುವುದುಂಟು. ಮೊದಲನೆಯದು ಪರವಾನಗಿ: ಅಪಾಯವಿರುವ ಒಂದು ಯಂತ್ರ ಅಥವಾ ಕೆಲಸದ ಮಟ್ಟಿಗೆ ಸರ್ಕಾರ ಕೊಡುವಂಥದ್ದು. ಎರಡನೆಯದು ವೃತ್ತಿ ಪ್ರಮಾಣಪತ್ರ: ವ್ಯಕ್ತಿಯೊಬ್ಬನ ಒಟ್ಟು ತಿಳಿವಳಿಕೆಗೆ ವೃತ್ತಿಸಂಘ ಕೊಡುವಂಥದ್ದು. ಮೂರನೆಯದು ಮಾನಕ ದೃಢೀಕರಣ: ಇದು ಸಂಸ್ಥೆಗೆ ಸಲ್ಲುತ್ತದೆ, ವ್ಯಕ್ತಿಗಲ್ಲ. ಕರ್ನಾಟಕದಲ್ಲಿ ಮೊದಲು ಬಂದದ್ದು ಪರವಾನಗಿ; ಉಳಿದೆರಡು ಬಂದದ್ದು ಹೊರಗಿನಿಂದ, ಬಹಳ ತಡವಾಗಿ.

ಹಿನ್ನೆಲೆ: ನೀರುಗಂಟಿ

ಊರೊಟ್ಟಿನ ಆಸ್ತಿಯನ್ನು ನೋಡಿಕೊಳ್ಳಲು ಗೊತ್ತಾದ ಆಳು ಇರಬೇಕೆಂಬುದು ಹಳೇ ಮೈಸೂರು ಸೀಮೆಗೆ ಹೊಸದಲ್ಲ. ಊರಿನ ಆಯಗಾರರಲ್ಲಿ ಒಬ್ಬನಾದ ನೀರುಗಂಟಿಯ ಪಾಲಿಗೆ ಕೆರೆಯ ತೂಬು, ಕಾಲುವೆ, ಗದ್ದೆಗಳ ಸರದಿ ಸೇರಿದ್ದವು. ಹಳೆಯ ತೂಬುಗಳಲ್ಲಿ ಎರಡು ಕಲ್ಲುಕಂಬಗಳ ನಡುವೆ ಇಳಿಬಿಟ್ಟ ಮರದ ಗಳುವಿನ ತುದಿಯಲ್ಲಿ ಬೆಣೆ ಇರುತ್ತಿತ್ತು. ಅದನ್ನು ಎಷ್ಟು ಎತ್ತಿದರೆ ಎಷ್ಟು ನೀರು ಹರಿಯುತ್ತದೆ, ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬ ಲೆಕ್ಕ ಅವನ ಕೈಯಳತೆಯಲ್ಲೇ ಇತ್ತು. ಕಸುಬು ತಂದೆಯಿಂದ ಮಗನಿಗೆ ಬರುತ್ತಿತ್ತು. ಕೂಲಿ ಇನಾಮು ಜಮೀನು ಅಥವಾ ಕಣದ ಪಾಲಿನ ರೂಪದಲ್ಲಿ ಸಿಗುತ್ತಿತ್ತು. ಅರ್ಹತೆಗೆ ಊರೇ ಸಾಕ್ಷಿ, ಪತ್ರವಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯ ಹುದ್ದೆಗಳನ್ನು ಕೊನೆಗಾಣಿಸಿತು. ಹೆಸರು ಮಾತ್ರ ಉಳಿದುಕೊಂಡಿತು.

ಅಪಾಯದಿಂದ ಹುಟ್ಟಿದ ಪರವಾನಗಿ

1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಬರಬರುತ್ತಾ ತಂತಿ ಮುಟ್ಟುವವನಿಗೆ ಕಾನೂನಿನ ಅಂಕೆ ಬಂತು. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮದ ಪ್ರಕಾರ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರನೇ ಮಾಡಿಸಬೇಕಿತ್ತು, ಸಕ್ಷಮತಾ ಪ್ರಮಾಣಪತ್ರವಿರುವ ಮೇಲ್ವಿಚಾರಕ ಅದನ್ನು ನೋಡಿಕೊಳ್ಳಬೇಕಿತ್ತು. ‘ಸಕ್ಷಮತೆ’ ಎಂಬ ಮಾತು ಕಟ್ಟಡದ ಕೆಲಸಗಾರನಿಗೆ ಪರಿಚಯವಾದದ್ದು ಬಹುಮಟ್ಟಿಗೆ ಈ ದಾರಿಯಲ್ಲಿ.

ಬಾಯ್ಲರ್‌ನ ಕಥೆಯೂ ಹೀಗೆಯೇ. 1923ರ ಬಾಯ್ಲರ್ ಕಾಯ್ದೆಯಡಿ ಅಟೆಂಡೆಂಟ್‌ಗಳಿಗೆ ಮೊದಲ ಮತ್ತು ಎರಡನೇ ದರ್ಜೆಯ ಪ್ರಮಾಣಪತ್ರಗಳು ಬಂದವು (ಈಗ ಅದರ ಜಾಗದಲ್ಲಿ 2025ರ ಕಾಯ್ದೆ ಇದೆ). ರಾಮನಗರದ ರೇಷ್ಮೆ ಕಸುಬಿನಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುವಂತಿದೆ. ಒಲೆಯ ಮೇಲಿನ ಬಿಸಿನೀರಲ್ಲಿ ಗೂಡು ಬೇಯಿಸಿ ಚರಕದಲ್ಲಿ ನೂಲು ತೆಗೆಯುವವರು, ಗೂಡು ಎಷ್ಟು ಬೆಂದಿದೆ ಎಂದು ಎಳೆಯ ಬಿಗುವಿನಿಂದಲೇ ಹೇಳಬಲ್ಲರು. ಅವರ ಈ ನೈಪುಣ್ಯಕ್ಕೆ ಯಾವ ಕಾಗದವನ್ನೂ ಕಾನೂನು ಕೇಳಿಲ್ಲ. ಅದೇ ಗೂಡು ಕಾಯ್ದೆಯ ವ್ಯಾಪ್ತಿಗೆ ಬರುವ ಬಾಯ್ಲರ್‌ನ ಹಬೆಯಲ್ಲಿ ಬೆಂದರೆ, ಬಾಯ್ಲರ್ ಪಕ್ಕ ನಿಲ್ಲುವವನಿಗೆ ಪ್ರಮಾಣಪತ್ರ ಬೇಕು. ಕಾನೂನು ಅಳೆದದ್ದು ಕಸುಬನ್ನಲ್ಲ, ಸಿಡಿಯುವ ಸಂಭವವನ್ನು.

ಲಿಫ್ಟ್‌ಗಳಿಗೆ ಪ್ರತ್ಯೇಕ ಕಾಯ್ದೆ ಬಂತು. ಮಲದಗುಂಡಿಗೆ ಆಳನ್ನು ಅಪಾಯಕಾರಿಯಾಗಿ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿತು. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಸಾಮಾನ್ಯ ಜಾಗಗಳ ಹೊಣೆಯನ್ನು ಮಾಲೀಕರ ಸಂಘಕ್ಕೆ ಒಪ್ಪಿಸಿತು. ಒಂದೊಂದು ಯಂತ್ರಕ್ಕೂ ಒಂದೊಂದು ಇಲಾಖೆ ಇದ್ದರೂ, ಎಲ್ಲವನ್ನೂ ಸೇರಿಸಿ ನೋಡುವವನ ಅರ್ಹತೆಯನ್ನು ಯಾರೂ ಅಳೆಯುತ್ತಿರಲಿಲ್ಲ.

ಅಮೆರಿಕದ ಪಟ್ಟಿ: 9 ಮತ್ತು 11ರ ಗೊಂದಲ

‘ಫೆಸಿಲಿಟಿ ಮ್ಯಾನೇಜ್‌ಮೆಂಟ್’ ಎಂಬ ಪದದ ಹುಟ್ಟಿನ ಬಗ್ಗೆ ಒಮ್ಮತವಿಲ್ಲ. 1960ರ ದಶಕದಲ್ಲಿ ಕಂಪ್ಯೂಟರ್ ಕೇಂದ್ರಗಳನ್ನು ಗುತ್ತಿಗೆಗೆ ನಡೆಸುತ್ತಿದ್ದ ರಾಸ್ ಪೆರೋ ಹೆಸರನ್ನು ಕೆಲವರು ಹೇಳುತ್ತಾರೆ. ಕಟ್ಟಡಗಳ ಅರ್ಥದಲ್ಲಿ ಅದು ನೆಲೆಗೊಂಡದ್ದು ಪೀಠೋಪಕರಣ ಕಂಪನಿ ಹರ್ಮನ್ ಮಿಲ್ಲರ್ 1978ರಲ್ಲಿ ನಡೆಸಿದ ಸಮಾವೇಶದ ನಂತರ ಎಂಬುದು ಇನ್ನೊಂದು ಎಣಿಕೆ. 1980ರಲ್ಲಿ ಅಮೆರಿಕದಲ್ಲಿ ವೃತ್ತಿಸಂಘ ಹುಟ್ಟಿ, 1982ರಲ್ಲಿ ‘ಅಂತರರಾಷ್ಟ್ರೀಯ’ ಎಂಬ ವಿಶೇಷಣ ಹೊತ್ತು ಇಫ್ಮಾ (ಐಎಫ್‌ಎಂಎ) ಆಯಿತು. 1992ರಲ್ಲಿ ಅದು ಸಿಎಫ್‌ಎಂ ಪ್ರಮಾಣಪತ್ರವನ್ನು ಆರಂಭಿಸಿತು. ಬ್ರಿಟನ್ನಿನ ವೃತ್ತಿಸಂಘ ಬಿಐಎಫ್‌ಎಂ ಹುಟ್ಟಿದ್ದು 1993ರಲ್ಲಿ. 2018ರಿಂದ ಅದರ ಹೆಸರು ಐಡಬ್ಲ್ಯೂಎಫ್‌ಎಂ.

ಸೌಲಭ್ಯ ನಿರ್ವಾಹಕನಿಗೆ ಇರಬೇಕಾದ ಮೂಲ ಸಾಮರ್ಥ್ಯಗಳು ಎಷ್ಟು ಎಂಬ ಪ್ರಶ್ನೆಗೆ ಬರಹಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಇಫ್ಮಾದ ಹಳೆಯ ಪಟ್ಟಿಯಲ್ಲಿ 9 ಇದ್ದವು. ಹಲವು ದೇಶಗಳ ವೃತ್ತಿಪರರು ನಿಜಕ್ಕೂ ಮಾಡುವ ಕೆಲಸವನ್ನು ಪರಿಶೀಲಿಸಿದ ಮೇಲೆ 2009ರಲ್ಲಿ 11 ಆದವು. ಪರಿಸರ ಸುಸ್ಥಿರತೆ ಮತ್ತು ತುರ್ತು ಸಿದ್ಧತೆ ತಮ್ಮದೇ ಸ್ಥಾನ ಪಡೆದವು. ಮುಂದಿನ ಪರಿಷ್ಕರಣೆಯಲ್ಲೂ ಸಂಖ್ಯೆ 11ರಲ್ಲೇ ನಿಂತಿತು. ಹಾಗಾಗಿ ಏನೂ ಬದಲಾಗಲಿಲ್ಲವೆಂದು ಹಲವರು ಬಗೆದಿದ್ದಾರೆ. ಬದಲಾದದ್ದು ಒಳಗಿನ ಅಂಶಗಳು: ತುರ್ತು ಸಿದ್ಧತೆ ‘ಅಪಾಯ ನಿರ್ವಹಣೆ’ಯಾಗಿ ಹಿಗ್ಗಿತು, ತಂತ್ರಜ್ಞಾನದ ಜೊತೆ ಮಾಹಿತಿಯೂ ಸೇರಿತು, ಗುಣಮಟ್ಟಕ್ಕೆ ಕಾರ್ಯಸಾಧನೆ ಜೋಡಿಯಾಯಿತು. ಉಳಿದವು ನಾಯಕತ್ವ, ಕಾರ್ಯಾಚರಣೆ ಮತ್ತು ದುರಸ್ತಿ, ಹಣಕಾಸು, ಯೋಜನಾ ನಿರ್ವಹಣೆ, ಸುಸ್ಥಿರತೆ, ಬಳಕೆದಾರರ ಅಗತ್ಯ, ಸ್ಥಿರಾಸ್ತಿ ಮತ್ತು ಸಂವಹನ.

ಇದೇ ಸಂಘದ ಎರಡು ಪತ್ರಗಳನ್ನು ಅದಲುಬದಲು ಮಾಡುವುದೂ ಉಂಟು. ಸಿಎಫ್‌ಎಂ ಅನುಭವಿಗಳ ಪರೀಕ್ಷೆ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಎಫ್‌ಎಂಪಿ ನಾಲ್ಕು ಪಾಠಗಳ ಕಲಿಕೆ, ನವೀಕರಣವಿಲ್ಲ. 2018ರಲ್ಲಿ ಬಂದ ಐಎಸ್‌ಒ 41001 ಇವೆರಡರ ಸಾಲಿಗೂ ಸೇರದು, ಅದು ಸಂಸ್ಥೆಯ ನಿರ್ವಹಣಾ ವ್ಯವಸ್ಥೆಯ ಮಾನಕ. ‘ನಾನು 41001 ಸರ್ಟಿಫೈಡ್ ಮ್ಯಾನೇಜರ್’ ಎಂಬ ಮಾತು ಈ ಕಾರಣಕ್ಕೆ ತಾಳೆಯಾಗುವುದಿಲ್ಲ.

ಭಾರತದ ಚೌಕಟ್ಟು

1950ರ ಕುಶಲಕರ್ಮಿ ತರಬೇತಿ ಯೋಜನೆಯಿಂದ ಐಟಿಐಗಳು ಬೆಳೆದವು. ಎಲೆಕ್ಟ್ರಿಷಿಯನ್, ಫಿಟ್ಟರ್, ಪ್ಲಂಬರ್ ಎಂದು ಕಸುಬುವಾರು ಕಲಿಸಿದ ಇವು ಕಾರ್ಖಾನೆಗಳ ನಿರ್ವಹಣಾ ವಿಭಾಗಕ್ಕೆ ಆಳು ಒದಗಿಸಿದವು. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಗ್ರಾಮೀಣ ಹುಡುಗರಿಗೆ ಮೂರು ವರ್ಷದ ವಸತಿ ಶಿಕ್ಷಣ ಕೊಟ್ಟಿತು. ಅದರ ಮೆಕಾಟ್ರಾನಿಕ್ಸ್ ಪಾಠ ಯಂತ್ರ ಮತ್ತು ವಿದ್ಯುತ್ತಿನ ಕಲಿಕೆಯನ್ನು ಒಂದೆಡೆ ತಂದಿತು. 2013ರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಎಲ್ಲ ಕಸುಬುಗಳನ್ನೂ 10 ಹಂತಗಳಲ್ಲಿ ಜೋಡಿಸಿತು. 2023ರಲ್ಲಿ ಹಂತಗಳು 8ಕ್ಕೆ ಇಳಿದವು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, ಶಾಲೆಯ ಹೊರಗೆ ಕಲಿತ ವಿದ್ಯೆಗೂ ಪರೀಕ್ಷೆ ನಡೆಸಿ ಪತ್ರ ಕೊಡುವ ದಾರಿ ತೆರೆಯಿತು.

ಇತ್ತೀಚಿನ ಬೆಳವಣಿಗೆ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂಥ ಊರುಗಳಲ್ಲಿ ಇಂದು ನೀರುಗಂಟಿ ಎಂದರೆ ಪಂಚಾಯಿತಿಯ ವಾಟರ್‌ಮನ್. ಬೋರ್‌ವೆಲ್ ಮೋಟರ್ ಹಾಕುವುದು, ಓವರ್‌ಹೆಡ್ ಟ್ಯಾಂಕ್ ತೊಳೆಯುವುದು, ಬೀದಿವಾರು ವಾಲ್ವ್ ತಿರುಗಿಸುವುದು ಅವನ ಪಾಲಿನ ಕೆಲಸ. ಕರೆಂಟ್ ಯಾವಾಗ ಬರುತ್ತದೋ ಅದರ ಮೇಲೆ ಅವನ ದಿನಚರಿ. 2019ರ ಜಲಜೀವನ್ ಮಿಷನ್‌ನ ಭಾಗವಾಗಿ ಬಂದ ‘ನಲ್ ಜಲ್ ಮಿತ್ರ’ ತರಬೇತಿಯು ಕೊಳಾಯಿ, ಮೋಟರ್, ವಿದ್ಯುತ್, ಗಾರೆ ಕೆಲಸಗಳನ್ನು ಒಬ್ಬರಿಗೇ ಕಲಿಸುವ ಉದ್ದೇಶದ್ದು. ಬಿಡಿಬಿಡಿ ಕಸುಬುಗಳನ್ನು ಒಂದೇ ಕೈಗೆ ಕೂಡಿಸುವ ಮಟ್ಟಿಗೆ ಇದು ಇಫ್ಮಾ ಪಟ್ಟಿಯ ಆಶಯಕ್ಕೆ ಹತ್ತಿರ. ಆ ಪಟ್ಟಿಯಲ್ಲಿ ದುರಸ್ತಿಯ ಪಕ್ಕದಲ್ಲೇ ಹಣಕಾಸೂ ಇದೆ; ಪಂಚಾಯಿತಿಯಲ್ಲಿ ಮಾತ್ರ ನೀರು ಬಿಡುವವನು ಒಬ್ಬ, ನೀರಿನ ಕಂದಾಯ ಕೇಳಿಕೊಂಡು ಬರುವ ಬಿಲ್ ಕಲೆಕ್ಟರ್ ಇನ್ನೊಬ್ಬ.