ಧಾರವಾಡದ ಮುಸುವಗಳೂ ಜಪಾನಿನ ವಿದ್ವಾಂಸರೂ

ಕನ್ನಡದಲ್ಲಿ ಕಪಿಕುಲಕ್ಕೆ ಹೆಸರಿನ ಬಡತನವಿಲ್ಲ. ಕೋತಿ, ಮಂಗ, ಕೋಡಗ, ಮುಸುವ, ಮುಸಿಯ ಎಂದು ಸೀಮೆಗೊಂದು ಹೆಸರುಂಟು. ಇವುಗಳಲ್ಲಿ ಮುಸುವ ಎಂಬುದು ಕರಿಮೋರೆಯ, ಬೂದುಮೈಯ, ನೀಳಬಾಲದ ಪ್ರಾಣಿಗೆ ಸಲ್ಲುವ ಮಾತು. ಲಂಕೆಯನ್ನು ಸುಟ್ಟ ದಿನ ಅದರ ಮೋರೆ ಕಪ್ಪಾಯಿತೆಂದು ಜನ ನಂಬುತ್ತಾರೆ. ಹನುಮಂತನ ವಂಶವೆಂದು ಕೈಮುಗಿಯುವವರೂ ನಾವೇ, ಮನೆಯ ಹೆಂಚು ಜಾರಿದಾಗ ಕೋಲು ಹಿಡಿಯುವವರೂ ನಾವೇ. ಆದರೆ ಈ ಪ್ರಾಣಿ ತನ್ನ ಬಳಗದೊಳಗೆ ಹೇಗೆ ಬಾಳುತ್ತದೆಂದು ತಾಳ್ಮೆಯಿಂದ ಕುಳಿತು ನೋಡಿದವರು ವಿರಳ. ಹಾಗೆ ನೋಡಿದವರ ಚರಿತ್ರೆಯಲ್ಲಿ ನಮ್ಮ ಧಾರವಾಡಕ್ಕೆ ಒಂದು ಮುಖ್ಯವಾದ ಸ್ಥಾನವಿದೆ. ಇದು ಹೊರನಾಡಿನ ಗ್ರಂಥಗಳಲ್ಲಿ ಪ್ರಸಿದ್ಧವಾಗಿದ್ದರೂ ನಮ್ಮಲ್ಲಿ ಬಲ್ಲವರು ಕಡಮೆ.

ಕಪಿಗಳ ಸಮಾಜವನ್ನು ಶಾಸ್ತ್ರೀಯವಾಗಿ ಅಭ್ಯಸಿಸುವ ಕೆಲಸ ಬಹಳ ಹಳೆಯದಲ್ಲ. 1932ರಲ್ಲಿ ಸಾಲಿ ಜುಕರ್‌ಮನ್ ಎಂಬ ವಿದ್ವಾಂಸರು ಪ್ರಕಟಿಸಿದ ಗ್ರಂಥವೊಂದು ಬಹುಕಾಲ ಪ್ರಮಾಣವೆನಿಸಿತ್ತು. ಅವರು ಮುಖ್ಯವಾಗಿ ನೋಡಿದ್ದು ಲಂಡನ್ನಿನ ಮೃಗಾಲಯದಲ್ಲಿ ಕೂಡಿಹಾಕಿದ್ದ ಬಬೂನುಗಳನ್ನು. ಇಕ್ಕಟ್ಟಿನಲ್ಲಿ ಸಿಕ್ಕಿದ ಆ ಪ್ರಾಣಿಗಳು ಕಾದಾಡಿ ಸಾಯುತ್ತಿದ್ದವು. ಕಪಿಗಳ ಬಾಳೆಂದರೆ ಕಾಮ, ಕಲಹಗಳ ಬಾಳು ಎಂಬ ಅಭಿಪ್ರಾಯ ಅದರಿಂದ ಹಬ್ಬಿತು. ಸೆರೆಮನೆಯನ್ನು ನೋಡಿ ಊರನ್ನು ಅಳೆದಂತಾಯಿತು! ಅದೇ ಕಾಲದಲ್ಲಿ ಅಮೆರಿಕದ ಕಾರ್ಪೆಂಟರ್ ಎಂಬವರು ಪನಾಮಾದ ಕಾಡಿಗೇ ಹೋಗಿ ಅಲ್ಲಿಯ ಕೂಗುಕೋತಿಗಳನ್ನು ನೋಡಿದರು. ಅವರಿಗೆ ಕಂಡದ್ದು ಬಹುಮಟ್ಟಿಗೆ ಶಾಂತವಾದ ಸಮಾಜ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾಡಿಗೆ ಹೋಗಿ ನೋಡುವ ಈ ಪದ್ಧತಿಯೇ ಬಲಗೊಂಡಿತು.

ಇದರಲ್ಲಿ ಜಪಾನಿನವರು ತಮ್ಮದೇ ದಾರಿಯನ್ನು ತುಳಿದರು. ಕ್ಯೋಟೋ ವಿಶ್ವವಿದ್ಯಾನಿಲಯದ ಕಿಂಜಿ ಇಮಾನಿಶಿ ಮತ್ತು ಅವರ ಶಿಷ್ಯರು 1948ರಲ್ಲಿ ಕೋಶಿಮಾ ಎಂಬ ಪುಟ್ಟ ದ್ವೀಪದ ಕೋತಿಗಳ ಅಭ್ಯಾಸಕ್ಕೆ ತೊಡಗಿದರು. ಗುಂಪಿನ ಒಂದೊಂದು ಕೋತಿಯನ್ನೂ ಮುಖದಿಂದ ಗುರುತಿಸಿ, ಹೆಸರಿಟ್ಟು, ವರ್ಷಗಟ್ಟಲೆ ಅದರ ನಡೆನುಡಿಯನ್ನು ಬರೆದಿಡುವುದು ಅವರ ಕ್ರಮ. ಪ್ರಾಣಿಗೆ ಹೆಸರಿಡುವುದು ಶಾಸ್ತ್ರಕ್ಕೆ ಒಪ್ಪುವುದೇ ಎಂದು ಪಶ್ಚಿಮದ ಹಲವರು ಸಂಶಯಪಟ್ಟರು. ಆದರೆ 1953ರಲ್ಲಿ ಇಮೋ ಎಂಬ ಎಳೆಯ ಹೆಣ್ಣುಕೋತಿ ಮಣ್ಣು ಮೆತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿಂದದ್ದನ್ನೂ, ಆ ಪಾಠ ಅದರ ಜೊತೆಗಾರರಿಗೂ ತಾಯಿಗೂ ಹರಡಿದ್ದನ್ನೂ ಅವರು ದಾಖಲೆಮಾಡಿದಾಗ ಲೋಕ ಕಣ್ಣರಳಿಸಿತು. ಯಾರು ಯಾರೆಂದು ಗುರುತಿಲ್ಲದಿದ್ದರೆ ಯಾರಿಂದ ಯಾರು ಕಲಿತರೆಂದು ಹೇಳುವುದು ಹೇಗೆ?

ಈ ಪರಂಪರೆಯಲ್ಲಿ ತರಬೇತಾದ ಯುಕಿಮಾರು ಸುಗಿಯಾಮ ಎಂಬ ತರುಣ ವಿದ್ವಾಂಸರು 1961ರಲ್ಲಿ ಧಾರವಾಡಕ್ಕೆ ಬಂದರು. ಜಪಾನ್–ಭಾರತ ಸಹಕಾರದ ಯೋಜನೆಯೊಂದು ಅವರನ್ನು ಕರೆತಂದಿತ್ತು. ಅವರ ಸಂಗಡ ಯೋಶಿಬಾ ಎಂಬ ಜಪಾನಿ ವಿದ್ವಾಂಸರೂ ನಮ್ಮ ದೇಶದ ಎಂ. ಡಿ. ಪಾರ್ಥಸಾರಥಿಯವರೂ ದುಡಿದರು. ಧಾರವಾಡದಿಂದ ಪಶ್ಚಿಮಕ್ಕೆ ಮಲೆನಾಡಿನತ್ತ ಹಬ್ಬಿದ ಕುರುಚಲು ಕಾಡು, ಹೊಲಗಳ ಅಂಚು, ರಸ್ತೆಬದಿಯ ಮರಗಳು — ಇವೇ ಅವರ ಪ್ರಯೋಗಶಾಲೆ. 1963ರವರೆಗೆ, ಮಳೆ ಬಿಸಿಲುಗಳಲ್ಲಿ, ಗುಂಪುಗುಂಪುಗಳನ್ನು ಎಣಿಸುತ್ತ, ಹಿಂಬಾಲಿಸುತ್ತ ಅವರು ನಡೆದರು.

ಅವರು ಕಂಡ ಸಮಾಜದ ಕಟ್ಟು ಹೀಗಿದೆ. ಬಹುಪಾಲು ಗುಂಪುಗಳಲ್ಲಿ ಪ್ರಾಯದ ಗಂಡು ಒಂದೇ. ಹೆಣ್ಣುಗಳು ಹಲವು, ಜೊತೆಗೆ ಅವುಗಳ ಮರಿಗಳು. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಬಾಳುತ್ತವೆ. ಗುಂಪು ಎಂದರೆ ಅಜ್ಜಿ, ತಾಯಿ, ಮಗಳು, ಚಿಕ್ಕಮ್ಮಂದಿರ ಸಂಸಾರ. ಗಂಡುಮರಿಗಳು ಬೆಳೆದಂತೆ ಹೊರಬಿದ್ದು, ತಮ್ಮಂಥವರೊಡನೆ ಸೇರಿ ಬರಿಯ ಗಂಡುಗಳ ಗುಂಪುಗಳಲ್ಲಿ ಅಲೆಯುತ್ತವೆ. ಮುಂಜಾವದಲ್ಲಿ ನಾವು ಕೇಳುವ ‘ಹೂಪ್’ ಎಂಬ ದೊಡ್ಡ ಕೂಗು ಗಂಡಿನದು. ನೆರೆಯ ಗುಂಪುಗಳಿಗೆ ‘ಇಲ್ಲಿದ್ದೇವೆ’ ಎಂದು ಸಾರುವ ಡಂಗುರ ಅದು. ಚಿರತೆಯನ್ನೋ ನಾಯಿಯನ್ನೋ ಕಂಡಾಗ ಹೊರಡುವ ಗಡಸು ಕೆಮ್ಮಿನಂಥ ದನಿ ಬೇರೆ; ಕಾಡಿನಲ್ಲಿ ಆ ದನಿಗೆ ಜಿಂಕೆಗಳೂ ಕಿವಿಗೊಡುತ್ತವೆ. ಹಲ್ಲು ಕಡಿದರೆ ಗಂಡಿಗೆ ಸಿಟ್ಟು ಬಂದಿದೆಯೆಂದರ್ಥ. ಒಂದರ ಮೈಯನ್ನು ಇನ್ನೊಂದು ಹೆಕ್ಕುವುದು ಹೇನಿನ ಆಸೆಗೆಂದು ನಾವು ನಗುತ್ತೇವೆ. ಅದು ಸ್ನೇಹವನ್ನು ಕಾಪಾಡಿಕೊಳ್ಳುವ ಬಗೆಯೂ ಹೌದು. ಕಪ್ಪು ಕೂದಲಿನ ಎಳೆಮರಿ ಹುಟ್ಟಿದ ದಿನವೇ ಗುಂಪಿನ ಹೆಣ್ಣುಗಳೆಲ್ಲ ಅದನ್ನು ಎತ್ತಿಕೊಳ್ಳಲು ಮುಗಿಬೀಳುತ್ತವೆ. ತೊಟ್ಟಿಲ ಮನೆಯ ಸಡಗರವೇ!

ಸುಗಿಯಾಮ ಅವರಿಗಿಂತ ಮೊದಲು, 1958ರಿಂದ 1960ರವರೆಗೆ ಅಮೆರಿಕದ ಫಿಲ್ಲಿಸ್ ಜೇ ಎಂಬ ವಿದುಷಿ ಉತ್ತರ ಮತ್ತು ಮಧ್ಯ ಭಾರತದಲ್ಲಿ ಮುಸುವಗಳನ್ನು ನೋಡಿ, ಅವು ಶಾಂತಿಪ್ರಿಯವಾದವೆಂದು ಬರೆದಿದ್ದರು. ಜುಕರ್‌ಮನ್ನರ ಚಿತ್ರ ಹೀಗೆ ತಲೆಕೆಳಗಾಗಿ, ಕಾಡಿನ ಕಪಿ ಸೌಹಾರ್ದದ ಮೂರ್ತಿ ಎನಿಸಿಕೊಂಡಿತ್ತು. ಇಂಥ ಸಮಯದಲ್ಲಿ, 1962ರಲ್ಲಿ, ಧಾರವಾಡದ ಕಾಡಿನಲ್ಲಿ ಸುಗಿಯಾಮ ಯಾರೂ ನಿರೀಕ್ಷಿಸದುದನ್ನು ಕಂಡರು. ಅಲೆಮಾರಿ ಗಂಡುಗಳ ಗುಂಪೊಂದು ಒಂದು ಸಂಸಾರದ ಮೇಲೆ ಬಿದ್ದು ಅದರ ಯಜಮಾನನನ್ನು ಓಡಿಸಿತು. ಬಂದವುಗಳಲ್ಲಿ ಬಲಿಷ್ಠವಾದುದು ತನ್ನ ಸಂಗಾತಿಗಳನ್ನೂ ಅಟ್ಟಿ ತಾನೊಂದೇ ಉಳಿಯಿತು. ಬಳಿಕ ಗುಂಪಿನ ಎಳೆಮರಿಗಳು ಒಂದೊಂದಾಗಿ ಅದರ ಹಲ್ಲಿಗೆ ಸಿಕ್ಕಿ ಇಲ್ಲವಾದವು. ಮರಿ ಕಳೆದುಕೊಂಡ ತಾಯಂದಿರು ಕೆಲವೇ ದಿನಗಳಲ್ಲಿ ಆ ಹೊಸ ಯಜಮಾನನನ್ನೇ ಕೂಡಿದವು. ಮತ್ತೊಂದು ಗುಂಪಿನಿಂದ ಒಂಟಿ ಯಜಮಾನನನ್ನು ಸುಗಿಯಾಮ ತಾವೇ ಹಿಡಿದು ತೆಗೆದು ನೋಡಿದಾಗಲೂ ನೆರೆಯ ಗಂಡು ಬಂದು ಮರಿಗಳನ್ನು ಕಚ್ಚಿ ಕೊಂದಿತು.

1965ರಲ್ಲಿ ಈ ವರದಿ ಅಚ್ಚಾಯಿತು. ಓದಿದವರಲ್ಲಿ ಹಲವರು ನಂಬಲಾರದೆ ಹೋದರು. ಧಾರವಾಡದಲ್ಲಿ ಮುಸುವಗಳು ದಟ್ಟವಾಗಿವೆ, ಮನುಷ್ಯರ ಕಾಟವೂ ಇದೆ. ಇದು ಇಕ್ಕಟ್ಟಿನಿಂದ ಹುಟ್ಟಿದ ವಿಕಾರ, ಸಹಜ ನಡತೆಯಲ್ಲ ಎಂದು ವಾದಿಸಿದರು. ಸುಗಿಯಾಮ ಕಂಡದ್ದನ್ನು ಕಂಡಂತೆ ಬರೆದಿದ್ದರು. ತೀರ್ಪು ಕಾಲಕ್ಕೆ ಬಿಟ್ಟದ್ದು.

ಜೋಧಪುರದಲ್ಲಿ ಎಸ್. ಎಂ. ಮೊಹನೋತರು ಇಂಥದೇ ಘಟನೆಗಳನ್ನು ಕಂಡು 1971ರಲ್ಲಿ ಪ್ರಕಟಿಸಿದರು. ಅದೇ ವರ್ಷ ಸಾರಾ ಹರ್ಡಿ ಎಂಬ ಅಮೆರಿಕದ ವಿದ್ಯಾರ್ಥಿನಿ, ಧಾರವಾಡದ ಸುದ್ದಿಯನ್ನು ತಿಳಿದು, ಇಕ್ಕಟ್ಟೇ ಕಾರಣವೆಂಬ ಊಹೆಯನ್ನು ಪರೀಕ್ಷಿಸಲು ಆಬೂ ಪರ್ವತಕ್ಕೆ ಬಂದರು. ಕೆಲವು ವರ್ಷ ನೋಡಿದ ಮೇಲೆ ಆ ಊಹೆಯನ್ನು ಅವರೇ ಕೈಬಿಟ್ಟರು. ಯಜಮಾನಿಕೆ ಸರಾಸರಿ ಎರಡು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ ಉಳಿಯುವಂಥದು. ಹಾಲೂಡುವ ತಾಯಿ ಬೇಗ ಬೆದೆಗೆ ಬರುವುದಿಲ್ಲ. ಪರರ ಮರಿ ಇಲ್ಲವಾದರೆ ತನ್ನ ಸಂತಾನಕ್ಕೆ ಎಡೆಯಾಗುತ್ತದೆ — ಇದು ಅವರು ಕೊಟ್ಟ ವಿವರಣೆ. ಹೆಣ್ಣುಗಳು ಸುಮ್ಮನಿರುವುದಿಲ್ಲವೆಂಬುದನ್ನೂ ಅವರು ಎತ್ತಿ ತೋರಿಸಿದರು. ಮುದಿ ಹೆಣ್ಣುಗಳು ತಮ್ಮದಲ್ಲದ ಮರಿಗಾಗಿ ಬಲಿಷ್ಠ ಗಂಡಿನ ಮೇಲೆ ಬಿದ್ದು ಕಾದುವುದನ್ನು ಅವರು ಕಣ್ಣಾರೆ ಕಂಡಿದ್ದರು. 1977ರಲ್ಲಿ ಅವರ ಗ್ರಂಥ ಹೊರಬಂದಿತು. ವಾದವಿವಾದ ಇಪ್ಪತ್ತು ವರ್ಷ ನಡೆಯಿತು. ಕಡೆಗೆ 1999ರಲ್ಲಿ ನೇಪಾಳದ ರಾಮನಗರದ ಮುಸುವಗಳ ಲದ್ದಿಯಿಂದ ವಂಶಧಾತುವನ್ನು ಬೇರ್ಪಡಿಸಿ ನೋಡಿದ ಬೋರೀಸ್ ಮತ್ತು ಸಂಗಡಿಗರು, ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ತಂದೆಗಳಲ್ಲವೆಂದು ತೋರಿಸಿದರು. ಅಷ್ಟರಲ್ಲಿ ಸಿಂಹಗಳಲ್ಲಿಯೂ ಗೊರಿಲ್ಲಗಳಲ್ಲಿಯೂ ಇದೇ ನಡತೆ ಕಂಡುಬಂದಿತ್ತು. ಧಾರವಾಡದ ಕಾಡಿನಲ್ಲಿ ಬರೆದಿಟ್ಟ ಟಿಪ್ಪಣಿ ಜೀವಶಾಸ್ತ್ರದ ದೊಡ್ಡ ಅಧ್ಯಾಯವೊಂದರ ಮೊದಲ ಪುಟವಾಯಿತು.

ಇದನ್ನು ಓದಿ ಮುಸುವವನ್ನು ಕ್ರೂರಿಯೆಂದು ಹಳಿಯುವುದು ಸುಲಭ. ಅದನ್ನು ಮೊದಲು ಸಾಧುವೆಂದು ಹೊಗಳಿದ್ದೂ ಅಷ್ಟೇ ಸುಲಭವಾಗಿತ್ತು. ಎರಡರಲ್ಲಿಯೂ ನಾವು ನೋಡುವುದು ನಮ್ಮ ಮುಖವನ್ನೇ. ರಾಮಾಯಣವನ್ನು ಬಲ್ಲವರಿಗೆ ಇಲ್ಲಿ ಕಿಷ್ಕಿಂಧೆ ನೆನಪಾಗದಿರದು. ಅಲ್ಲಿಯೂ ವಾಲಿ ಸುಗ್ರೀವರ ಕಾದಾಟವಿದೆ, ಯಜಮಾನಿಕೆಯ ಪಲ್ಲಟವಿದೆ, ಸೋತವನ ಎಳೆಯ ಮಗನೂ ಇದ್ದಾನೆ. ಆದರೆ ಸಾಯುವ ವಾಲಿ ಅಂಗದನನ್ನು ಸುಗ್ರೀವನ ಕೈಗೆ ಒಪ್ಪಿಸುತ್ತಾನೆ, ಅಂಗದ ಯುವರಾಜನಾಗುತ್ತಾನೆ. ವಾಲ್ಮೀಕಿ ಬರೆದದ್ದು ಕಪಿಗಳ ಹೆಸರಿನಲ್ಲಿ ಮನುಷ್ಯರ ಧರ್ಮವನ್ನು. ಧರ್ಮವನ್ನು ಮನುಷ್ಯ ತಾನೇ ಕಟ್ಟಿ ಕಾಪಾಡಿಕೊಳ್ಳಬೇಕು. ಕಾಡಿನಿಂದ ಅದನ್ನು ಕಡ ತರಲಾಗದು. ಕಾಡಿನಲ್ಲಿ ನಡೆಯುವುದನ್ನು ಇದ್ದಂತೆ ನೋಡುವ ಕಣ್ಣನ್ನಾದರೋ ಆ ಜಪಾನಿ ವಿದ್ವಾಂಸರಿಂದ ಕಲಿಯಬಹುದು. ಅದಕ್ಕೆ ದೂರ ಹೋಗಬೇಕಾಗಿಲ್ಲ. ಧಾರವಾಡದ ಮರಗಳಲ್ಲಿ ಮುಸುವಗಳು ಇಂದೂ ಕುಳಿತಿವೆ.